ಬೇರೆಯವರ ಹೆಸರಿನಲ್ಲಿ ಊದಿದ ಉಸಿರು

"ಊದ್ರಿ, ಊದ್ರಿ, ಊದ್ರಿ, ನಿಲ್ಲಸಬ್ಯಾಡ್ರಿ, ಇನ್ನೂ ಊದ್ರಿ!"

ನಾಲ್ಕು ವರ್ಷ ನಾನು ಬೇರೆಯವರ ಎದುರು ನಿಂತು ಕೂಗಿದ ಈ ಮಾತನ್ನು ಕಳೆದ ವರ್ಷ ಹೊಸಪೇಟೆಯ ಎದೆರೋಗದ ಕ್ಲಿನಿಕ್ಕಿನಲ್ಲಿ ಒಬ್ಬ ಹುಡುಗಿ ನನ್ನ ಎದುರು ನಿಂತು ಕೂಗುತ್ತಿದ್ದಳು. ಮೂಗಿಗೆ ಕ್ಲಿಪ್ಪು, ಬಾಯಲ್ಲಿ ಉಸಿರು ಅಳೆಯುವ ಮಷಿನ್ನಿನ ರಟ್ಟಿನ ಕೊಳವೆ. ಮೂರು ಸಲ ಊದಿದೆ. ಕಾಗದ ಬಂತು. ವೈದ್ಯರು ನೋಡಿ ನಕ್ಕರು.

"ಏನೂ ಇಲ್ಲವ್ವ. ಆಟಗಾರರ ಲಂಗ್ಸ್ ಇದ್ದಂಗ ಅದಾವ ನಿನ್ನವು."

ಏನೂ ಇಲ್ಲ. ಹಾಗಾದರೆ ಹಿಂದಿನ ಗುರುವಾರ ಬೆಳಿಗ್ಗೆ ಅಡುಗೆಮನೆಯ ನೆಲದ ಮೇಲೆ ಕೂತು, ಬಾಯಿ ತೆರೆದುಕೊಂಡು, ಗಂಟಲಿನಿಂದ ಕೆಳಗೆ ಗಾಳಿ ಇಳಿಯದೆ, ಬೆರಳ ತುದಿಗಳು ಜೋಮು ಹಿಡಿದು, ಇನ್ನು ಸತ್ತೆ ಎಂದುಕೊಂಡವಳು ಯಾರು? ಆ ಎರಡು ಪದಗಳ ಮೇಲೆ ನನಗಿದ್ದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಆದರೆ ಆ ವೈದ್ಯರು ಸುಳ್ಳು ಹೇಳಿರಲಿಲ್ಲ. ನನ್ನ ಎದೆಯಲ್ಲಿ ನಿಜವಾಗಿಯೂ ಯಾವ ರೋಗವೂ ಇರಲಿಲ್ಲ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಯಾಕೆಂದರೆ ಅಂಥದೇ ಮಷಿನ್ನಿನಲ್ಲಿ ನನ್ನ ಉಸಿರು ನೂರಾರು ಸಲ ಪಾಸಾಗಿತ್ತು. ಒಂದು ಸಲವೂ ನನ್ನ ಹೆಸರಿನಲ್ಲಿ ಅಲ್ಲ.

ನಾನು ಲ್ಯಾಬ್ ಟೆಕ್ನೀಷಿಯನ್. ಹೊಸಪೇಟೆಯ ಒಂದು ಖಾಸಗಿ ತಪಾಸಣಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದೆ. ಗಣಿಗಳಲ್ಲಿ ದುಡಿಯುವವರಿಗೆ ಕಾಲಕಾಲಕ್ಕೆ ಆರೋಗ್ಯ ತಪಾಸಣೆ ಆಗಲೇಬೇಕು ಎಂಬ ನಿಯಮವಿದೆ. ನಮ್ಮ ಕೇಂದ್ರದ ವ್ಯಾನು ಸಂಡೂರಿನ ಘಾಟಿ ಹತ್ತಿ, ಯಶವಂತನಗರದ ಕಡೆಯ ಒಂದು ಗಣಿಗೆ ಹೋಗಿ ನಿಲ್ಲುತ್ತಿತ್ತು. ಕಣ್ಣು, ಕಿವಿ, ರಕ್ತ, ಎದೆಯ ಫೋಟೊ, ಕೊನೆಗೆ ಊದುವ ಮಷಿನ್. ಕೊನೆಯದು ನನ್ನದು.

ಈ ಪರೀಕ್ಷೆಗೆ ಪುರುಸೊತ್ತು ಬೇಕು. ಒಬ್ಬ ಮನುಷ್ಯ ಎದೆ ತುಂಬ ಗಾಳಿ ಎಳೆದು, ಒಂದೇ ರಭಸಕ್ಕೆ ಹೊರಹಾಕಿ, ಪೂರ್ತಿ ಖಾಲಿಯಾಗುವ ತನಕ ಊದುತ್ತಲೇ ಇರಬೇಕು. ಅಂಥ ಮೂರು ಊದುಗಳು ಒಂದಕ್ಕೊಂದು ಹೊಂದಬೇಕು. ಹುಡುಗರು ಐದು ನಿಮಿಷದಲ್ಲಿ ಮುಗಿಸಿ ನಗುತ್ತ ಹೋಗುತ್ತಿದ್ದರು. ಐವತ್ತರ ಆಸುಪಾಸಿನವರು, ಅದಿರು ಪುಡಿಮಾಡುವ ಕ್ರಷರ್ ಬಳಿ ವರ್ಷಗಟ್ಟಲೆ ನಿಂತವರು, ಅರ್ಧ ಊದುವುದರೊಳಗೆ ಕೆಮ್ಮಲು ಶುರುಮಾಡುತ್ತಿದ್ದರು. ಮಷಿನ್ನು ಕೆಂಪು ಗುರುತು ತೋರಿಸುತ್ತಿತ್ತು. ಮತ್ತೆ ಊದು, ಮತ್ತೆ ಕೆಮ್ಮು. ಹೊರಗೆ ಸಾಲು ಬೆಳೆಯುತ್ತಿತ್ತು. ಎರಡು ಗಂಟೆಗೆ ಕಂಪನಿ ಬಸ್ಸು ಬಿಡಬೇಕು.

ಮೊದಲ ವರ್ಷದ ಒಂದು ಮಧ್ಯಾಹ್ನ ನಮ್ಮ ಕೇಂದ್ರದ ಯಜಮಾನರು ವ್ಯಾನಿನೊಳಗೆ ತಲೆ ಹಾಕಿ ಅಂದರು: "ಸುಜಾತಾ, ಏನ್ ಹಬ್ಬ ಮಾಡಾಕತ್ತೀಯವ್ವ ಅವರ ಜೊತಿ? ನೀನು ಕಬಡ್ಡಿ ಆಡಿದಾಕಿ. ನೀನ ಊದಿ ಮುಗಸು, ಜಲ್ದಿ."

ನಾನು ಕಾಲೇಜಿನಲ್ಲಿ ಕಬಡ್ಡಿ ಆಡಿದ್ದು ನಿಜ. ಉಸಿರು ಹಿಡಿಯುವುದು ನನಗೆ ಗೊತ್ತು. ಐವತ್ತು ದಾಟಿದ, ಅಷ್ಟೇನೂ ಎತ್ತರವಿಲ್ಲದ ಗಂಡಸರ ಲೆಕ್ಕಕ್ಕೆ ನನ್ನ ಉಸಿರು ಸರಿಯಾಗಿ ಕೂರುತ್ತಿತ್ತು. ಹೆಸರು, ವಯಸ್ಸು, ಎತ್ತರ ಅವರದು ತುಂಬಿಸಿ, ನಾನು ಊದಿದೆ. ಕಾಗದದ ಮೇಲೆ 'ನಾರ್ಮಲ್' ಎಂದು ಬಂತು. ಯಜಮಾನರು ನಕ್ಕರು, ನಾನೂ ನಕ್ಕೆ. ಡ್ರೈವರ್ ಮಂಡಕ್ಕಿ ಮಿರ್ಚಿ ತಂದಿದ್ದ. "ಸುಜಾತಕ್ಕನ ಉಸಿರು ಅಂದ್ರ ಕಂಪನಿ ಉಸಿರು ನೋಡ್ರಿ" ಅಂದ. ಎಲ್ಲರೂ ನಕ್ಕು ತಿಂದೆವು.

ಇದನ್ನು ಎರಡು ಸಲ ಓದಿ. ಚೆನ್ನಾಗಿ ಊದುವವರು ತಾವೇ ಊದುತ್ತಿದ್ದರು. ಊದಲು ಆಗದವರಿಗೆ ನಾನು ಊದುತ್ತಿದ್ದೆ. ಯಾರನ್ನು ಹುಡುಕಲೆಂದು ಈ ಪರೀಕ್ಷೆ ಇದೆಯೋ ಸರಿಯಾಗಿ ಅವರನ್ನೇ ನಾವು ಮುಚ್ಚಿಹಾಕುತ್ತಿದ್ದೆವು.

ಯಾಕೆ ಒಲ್ಲೆ ಅನ್ನಲಿಲ್ಲ? ನಮ್ಮ ಓಣಿಯಿಂದ ಬಿಳಿ ಕೋಟು ಹಾಕಿಕೊಂಡು ಕೆಲಸಕ್ಕೆ ಹೊರಟ ಮೊದಲ ಹೆಣ್ಣುಮಗಳು ನಾನು. ನಾಲ್ಕು ಕಡೆ ನನ್ನ ಅರ್ಜಿ ನೋಡಿ, ವಿಳಾಸ ನೋಡಿ, ಹೇಳಿ ಕಳಿಸುತ್ತೇವೆ ಅಂದಿದ್ದರು. ಈ ಯಜಮಾನರು ಮಾತ್ರ ಮರುದಿನವೇ ಬಾ ಅಂದಿದ್ದರು. ಆ ಋಣ ನನ್ನೊಳಗೆ ಒಂದು ಕಡೆ ಕೂತಿತ್ತು. ನಾನು ಮಾಡುತ್ತಿರುವುದು ಏನೆಂಬುದು ಇನ್ನೊಂದು ಕಡೆ. ಎರಡೂ ಒಂದನ್ನೊಂದು ನೋಡದ ಹಾಗೆ ನಾನು ನಡುವೆ ನಿಂತಿದ್ದೆ. ಎಷ್ಟು ದಿನ ನಿಲ್ಲಲು ಸಾಧ್ಯ?

ಈಗ ಹಿಂದಿರುಗಿ ನೋಡಿದರೆ ಗುರುತುಗಳು ಬಹಳ ಮೊದಲೇ ಇದ್ದವು. ಗಣಿಯ ತಪಾಸಣಾ ಕ್ಯಾಂಪಿನ ಹಿಂದಿನ ದಿನ ಆಕಳಿಕೆ ಬರುತ್ತಿತ್ತು. ನಿದ್ದೆಯ ಆಕಳಿಕೆಯಲ್ಲ, ಎದೆ ತುಂಬದ ಆಕಳಿಕೆ. ಬಿಸಿ ಚಹಾ ಊದಿ ಕುಡಿಯುವುದನ್ನು ಬಿಟ್ಟಿದ್ದೆ, ತಾನಾಗಿ ಆರುವ ತನಕ ಕಾಯುತ್ತಿದ್ದೆ. ಯಾಕೆ ಎಂದು ಕೇಳಿದ್ದರೆ ಗೊತ್ತಿರಲಿಲ್ಲ. ಅಕ್ಕನ ಮಗಳ ಹುಟ್ಟುಹಬ್ಬದಲ್ಲಿ ಬಲೂನು ಕೈಗೆ ಕೊಟ್ಟಾಗ ಮಗುವಿನ ಮೇಲೆ ರೇಗಿದೆ. ಬಾಯಿ ಮತ್ತೆ ಮತ್ತೆ ಮುಕ್ಕಳಿಸುತ್ತಿದ್ದೆ. ಗಂಡ ಆನಂದ ಕೆಮ್ಮಿದರೆ ಬೇಕೆಂದೇ ಕೆಮ್ಮುತ್ತಾನೆ ಅನಿಸುತ್ತಿತ್ತು. ಕ್ಯಾಂಪಿನಲ್ಲಿ ಮಾತ್ರ ಎಲ್ಲರಿಗಿಂತ ಜಾಸ್ತಿ ನಗುತ್ತಿದ್ದವಳು ನಾನೇ. ಆ ನಗುವೂ ಒಂದು ಗುರುತು.

ದುರುಗಪ್ಪನವರು ಗಾದಿಗನೂರಿನವರು. ಕ್ರಷರಿನಲ್ಲಿ ಸಹಾಯಕರು. ಮೊದಲ ವರ್ಷ ಹೇಗೋ ತಾವೇ ಊದಿದ್ದರು. ಮೂರನೆಯ ವರ್ಷ ಕೊಳವೆ ಬಾಯಿಗಿಟ್ಟು, ಎರಡು ಸಲ ಕೆಮ್ಮಿ, ಕಣ್ಣಲ್ಲಿ ನೀರು ತಂದುಕೊಂಡು, "ಆಗವಲ್ದು ನೋಡವ್ವ ತಾಯಿ" ಅಂದರು. "ಇರ್ಲಿ ಬಿಡ್ರಿ, ಹೋಗ್ರಿ" ಅಂದೆ. ಅವರು ನನಗೆ ಕೈಮುಗಿದು ಹೋದರು. ನಾನು ಹೊಸ ಕೊಳವೆ ಹಾಕಿಕೊಂಡು ಊದಿದೆ.

ಎಂಟು ತಿಂಗಳ ಮೇಲೆ ಅವರು ಕೇಂದ್ರಕ್ಕೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಆ ಕಾಗದ. ಕೌಂಟರ್ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತು ಸುಧಾರಿಸಿಕೊಂಡರು.

"ತಾಯಿ, ಇದರಾಗ ನನ್ನ ಎದಿ ಚಲೋ ಐತಿ ಅಂತ ಬರದೈತಂತ, ಹೌದೇನು?"

"ಹೂನ್ರಿ."

"ಮತ್ತ ನಾಕ ಮೆಟ್ಲ ಹತ್ತಾಕ ಆಗವಲ್ದಲ್ಲ. ಹಗರ ಕೆಲಸ ಕೊಡ್ರಿ ಅಂತ ಕೇಳಿದ್ರ, 'ನಿನ್ನ ರಿಪೋರ್ಟ್ ನೋಡಲೇ, ಹುಡುಗರಂಗ ಅದೀ, ನಾಟಕ ಮಾಡಬ್ಯಾಡ' ಅಂತಾರ. ಇನ್ನೊಂದ್ಸಲ ನೋಡವ್ವ. ಎಲ್ಲೆರ ತಪ್ಪಾಗೈತೇನು?"

ನಾನು ಕಾಗದ ತಗೊಂಡು ನೋಡಿದೆ. ನನ್ನ ಉಸಿರಿನ ಗೆರೆ, ಬೆಟ್ಟದಂತೆ ಎದ್ದು ನಯವಾಗಿ ಇಳಿದ ಗೆರೆ. ಮೇಲೆ ಅವರ ಹೆಸರು.

"ತಪ್ಪೇನಿಲ್ರಿ" ಅಂದೆ. "ಬಿಸಿನೀರು ಕುಡೀರಿ. ಧೂಳಾಗ ಬಾಯಿಗೆ ಬಟ್ಟಿ ಕಟ್ಕೊರ್ರಿ."

ಅವರು ಮೆಟ್ಟಿಲು ಇಳಿದು ಹೋಗುವುದನ್ನು ನೋಡಿದೆ. ಮರುದಿನ ಗುರುವಾರ. ಅಡುಗೆಮನೆಯ ನೆಲ.

ಆಮೇಲಿನ ಐದು ತಿಂಗಳು ನಾನು ರೋಗಿ. ಇಸಿಜಿ, ರಕ್ತ, ಥೈರಾಯ್ಡ್, ಎದೆಯ ಫೋಟೊ. ಉಸಿರಿಗೆಂದು ಬಾಯಿಗೆ ಒತ್ತಿಕೊಳ್ಳುವ ಪಂಪನ್ನೂ ಕೊಟ್ಟರು. ಪರೀಕ್ಷೆಗಳು ಎಲ್ಲವೂ ನಾರ್ಮಲ್. ಹಗಲಿನಲ್ಲಿ, ಜನರ ನಡುವೆ, ಇದ್ದಕ್ಕಿದ್ದಂತೆ ಗಂಟಲಿನಲ್ಲಿ ಬಾಗಿಲು ಹಾಕಿದ ಹಾಗೆ ಉಸಿರು ನಿಲ್ಲುತ್ತಿತ್ತು. ಕಂಪ್ಲಿಯ ಅತ್ತೆ ಮೊದಲು ಬಸಿರು ಅಂದರು. ಅಲ್ಲವೆಂದು ಗೊತ್ತಾದ ಮೇಲೆ ಗಾಳಿ ಸೋಂಕು ಅಂದರು. ನಿಂಬೆಹಣ್ಣು ತಲೆಗೆ ಮೂರು ಸುತ್ತು ಇಳಿಸಿ ತುಂಗಭದ್ರೆಗೆ ಎಸೆದು ಬಂದರು. "ಗಾಳಿ ಬಿಡಸಬ್ಯಾಡ್ರಿ ಅತ್ತೀ, ಗಾಳಿನ ಬೇಕಾಗೈತಿ ನನಗ" ಅಂದೆ. ಅವರಿಗೆ ನಗು ಬರಲಿಲ್ಲ.

ಆನಂದ ಬೈಕ್ ಶೋರೂಮಿನಲ್ಲಿ ಮೆಕ್ಯಾನಿಕ್. ಒಂದು ದಿನ ನನ್ನ ಫೈಲು ಮಂಚದ ಮೇಲೆ ಹರಡಿಕೊಂಡು ಕೂತ. "ಎಂಜಿನ್ ಚಲೋ ಐತಿ, ಆಯಿಲ್ ಚಲೋ ಐತಿ. ಎಲ್ಲಾ ನಾರ್ಮಲ್ ಅಂತ ಬರದಾರ. ಮತ್ತ ಇನ್ನೇನ ಬೇಕ ನಿನಗ? ನಾಟಕ ಮಾಡ್ತೀಯೇನು?"

ನಾಟಕ. ದುರುಗಪ್ಪನವರಿಗೆ ಹೇಳಿದ್ದೂ ಇದೇ ಮಾತು. ಅವರ ಕಾಗದ ಸುಳ್ಳು, ನನ್ನ ಕಾಗದ ನಿಜ, ಆದರೂ ಇಬ್ಬರ ಬಾಯಿ ಮುಚ್ಚಿಸಿದ ಮಾತು ಒಂದೇ. ಕೈಗೆ ಸಿಕ್ಕ ಪಂಪನ್ನು ಗೋಡೆಗೆ ಎಸೆದೆ. ಗಂಡನ ಮೇಲಿನ ಸಿಟ್ಟು ಅದು ಅಂದುಕೊಂಡಿದ್ದೆ.

ಯಜಮಾನರು ಮಾತ್ರ ಪ್ರೀತಿಯಿಂದಲೇ ಇದ್ದರು. "ಸ್ಟ್ರೆಸ್ ಅಷ್ಟ ನಿನಗ. ಹಂಪಿ ಕಡಿ ಹೋಗಿ ಅಡ್ಡಾಡಿ ಬಾ, ಮಸ್ತ್ ಆಕ್ಕೀ" ಅಂದರು. ಭಾನುವಾರ ಬೆಳಿಗ್ಗೆ ನಾನೂ ಆನಂದನೂ ಹೋದೆವು. ಮಾತಂಗ ಬೆಟ್ಟ ಹತ್ತಿದೆ. ಒಂದು ಕಡೆಯೂ ನಿಲ್ಲಲಿಲ್ಲ. ಆನಂದನೇ ಎರಡು ಸಲ ಬಂಡೆಗೆ ಒರಗಿ ಕೂತ. ಮೇಲೆ ನಿಂತು ಎದೆ ತುಂಬ ಗಾಳಿ ಎಳೆದುಕೊಳ್ಳುವಾಗ ಯಜಮಾನರ ಫೋನು ಬಂತು. "ಮಂಗಳವಾರ ಯಶವಂತನಗರ ಕ್ಯಾಂಪ್ ಐತಿ, ನೆನಪಿರ್ಲಿ." ಅಷ್ಟೇ. ಬೆಟ್ಟ ಹತ್ತಿದವಳಿಗೆ ನಿಂತಲ್ಲೇ ಉಸಿರು ಸಿಕ್ಕಿಕೊಂಡಿತು. ಆನಂದ ನನ್ನನ್ನು ಹಿಡಿದು ಕೂರಿಸಿದ. ಮೊದಲ ಸಲ ಮೆತ್ತಗೆ ಮಾತಾಡಿದ.

"ಇದು ಗಾಡಿದಲ್ಲ ಸುಜಿ. ದಾರಿದು."

ಎದೆರೋಗದ ವೈದ್ಯರು ಚೀಟಿ ಬರೆದಿದ್ದು ಸರ್ಕಾರಿ ಆಸ್ಪತ್ರೆಯ ಮಾನಸಿಕ ವಿಭಾಗಕ್ಕೆ. ಮೂರು ವಾರ ಅದನ್ನು ಪರ್ಸಿನಲ್ಲೇ ಇಟ್ಟುಕೊಂಡಿದ್ದೆ. ಕೊನೆಗೆ ಹೋದಾಗ, ಅಲ್ಲಿನ ಲ್ಯಾಬಿನವರು ಗುರುತು ಹಿಡಿದಾರೆಂದು ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಬೆಂಚಿನ ತುದಿಗೆ ಕೂತೆ. ಪಕ್ಕದಲ್ಲಿ ಒಬ್ಬ ಮುದುಕಿ ಸೆರಗಿನಲ್ಲಿ ಶೇಂಗಾ ಇಟ್ಟುಕೊಂಡು ಸುಲಿಯುತ್ತಿದ್ದರು.

"ಯಾಕವ್ವ, ಮಕಾ ಮುಚ್ಕೊಂಡೀ? ಮೊಡವಿ ಆಗ್ಯಾವೇನು?"

"ಇಲ್ರಿ ಅಜ್ಜಿ."

"ಹಂಗಾರ ತಗಿ. ಇಲ್ಲಿಗೆ ಬಂದಾರೆಲ್ಲ ಹುಚ್ಚರಲ್ಲ. ನಾ ವರ್ಷ ಆತು ಬರಾಕತ್ತಿ, ನೋಡು ಎಷ್ಟ ಚಂದ ಅದೀನಿ" ಎಂದು ಒಂದು ಹಿಡಿ ಶೇಂಗಾ ನನ್ನ ಕೈಗೆ ಸುರಿದರು. ಆ ಐದು ತಿಂಗಳಲ್ಲಿ ಏನು ಕಾಯಿಲೆ ಎಂದು ಕೇಳದೆಯೇ ನನ್ನನ್ನು ನಂಬಿದವರು ಅವರೊಬ್ಬರೇ. ದುಪಟ್ಟಾ ತೆಗೆದು ತಿಂದೆ.

ವೈದ್ಯರು ನೋಡಿ, ಕೆಲವು ದಿನಕ್ಕೆ ಮಾತ್ರೆ ಬರೆದು, ಆಪ್ತಸಮಾಲೋಚಕಿಯ ಬಳಿ ಕಳಿಸಿದರು. ಆಕೆ ನನಗಿಂತ ಚಿಕ್ಕವಳು. ಉಸಿರಾಟದ ವ್ಯಾಯಾಮ ಹೇಳುತ್ತಾಳೆ ಎಂದು ಸಿಟ್ಟಿನಿಂದಲೇ ಕಾದಿದ್ದೆ. ಆಕೆ ಹೇಳಲಿಲ್ಲ. ಒಂದು ನೋಟ್‌ಬುಕ್ ಇಡಲು ಹೇಳಿದಳು: ಉಸಿರು ಎಲ್ಲಿ ಸಿಕ್ಕಿಕೊಂಡಿತು, ಅದಕ್ಕೆ ಸ್ವಲ್ಪ ಮೊದಲು ಯಾರು ಏನು ಹೇಳಿದರು, ನಾನು ಏನು ಹೇಳಬೇಕೆಂದಿದ್ದೆ, ಏನು ಹೇಳಿದೆ. ಕೊನೆಯ ಎರಡನ್ನು ತಪ್ಪದೆ ಬರೆಯಬೇಕು.

ಮೂರು ವಾರ ಬರೆದೆ. ಬಸ್‌ಸ್ಟ್ಯಾಂಡು, ಯಜಮಾನರ ಫೋನು, ಮುದುಕರೊಬ್ಬರ ಕೆಮ್ಮು. ದುರುಗಪ್ಪನವರ ಹೆಸರು ಎಲ್ಲೂ ಬರೆಯಲಿಲ್ಲ. ರೋಗ ತೋರಿಸಲು ಹೋದಲ್ಲೂ ನಾನು ಸುಳ್ಳು ರಿಪೋರ್ಟು ತಯಾರಿಸುತ್ತಿದ್ದೆ.

ಅದನ್ನು ಹಿಡಿದದ್ದು ಅವ್ವ. ನಮ್ಮದು ಬೌದ್ಧ ಮನೆ. ಅಪ್ಪ ಇದ್ದಾಗಿನಿಂದಲೂ ಭಾನುವಾರ ಬೆಳಿಗ್ಗೆ ಎಲ್ಲರೂ ಕೂತು ಐದು ಶೀಲಗಳನ್ನು ಹೇಳುತ್ತೇವೆ. ಆ ದಿನ ತವರಿಗೆ ಹೋಗಿದ್ದೆ. ಹೇಳಿ ಮುಗಿದ ಮೇಲೆ ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತ, ತಲೆ ಎತ್ತದೆ ಕೇಳಿದಳು.

"ನಾಕನೇದಕ್ಕ ಯಾಕ ನಿಲ್ತೀ?"

"ಏನು?"

"ಹೋದ ಸಲನೂ ನಿಂತಿ. ಮೂರು ಚಲೋ ಹೇಳ್ತಿ. ನಾಕನೇದು ಬಂದ ಕೂಡ್ಲೇ ಬಾಯಿ ಅಷ್ಟ ಆಡ್ತೈತಿ, ದನಿ ಬರಂಗಿಲ್ಲ. ಐದನೇದು ಮತ್ತ ಹೇಳ್ತಿ."

ನಾಲ್ಕನೆಯದು ಸುಳ್ಳಾಡುವುದಿಲ್ಲ ಎನ್ನುವುದು. ನಾನು ನಿಲ್ಲುತ್ತಿದ್ದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅವ್ವನಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಆಕೆ ಮೊರ ಕೆಳಗಿಟ್ಟು, "ಆ ಮನುಷ್ಯಾ ಇನ್ನೂ ಬದುಕ್ಯಾನೇನು?" ಎಂದಷ್ಟೇ ಕೇಳಿದಳು.

ಮುಂದಿನ ವಾರ ನೋಟ್‌ಬುಕ್ಕಿನಲ್ಲಿ ಅವರ ಹೆಸರು ಬರೆದು ಸಮಾಲೋಚಕಿಯ ಮುಂದಿಟ್ಟೆ. ಆಕೆ ಓದಿದಳು. "ಇಷ್ಟು ದಿನ ಇದನ್ನ ಒಬ್ರೇ ಹಿಡ್ಕೊಂಡಿದ್ರೇನ್ರಿ?" ಅಂದಳು. ನಾನು ಏನು ಮಾಡಬೇಕು ಎಂದು ಕೇಳಿದೆ. "ಮಾಡೋದು ನಿಮ್ಮದು. ಮಾಡಿದ ಮ್ಯಾಗೂ ನೀವು ಇಲ್ಲಿಗೆ ಬರಬಹುದು."

ಗಾದಿಗನೂರಿಗೆ ಆನಂದನ ಬೈಕಿನಲ್ಲಿ ಹೋದೆವು. ದುರುಗಪ್ಪನವರು ಕಟ್ಟೆಯ ಮೇಲೆ ಎರಡೂ ಕೈ ಊರಿಕೊಂಡು ಕೂತಿದ್ದರು. ಉಸಿರಿಗೆ ಹಾಗೆ ಕೂರುವವರನ್ನು ನಾನು ಎಷ್ಟೋ ಜನರನ್ನು ನೋಡಿದ್ದೆ. ಹೇಳಿದೆ. ನಿಧಾನವಾಗಿ, ಏನೂ ಬಿಡದೆ. ಅವರು ಮೊದಲು ನಂಬಲಿಲ್ಲ.

"ನನ್ನ ಹೆಸರಿಗೆ ನೀ ಊದಿದ್ಯಾ?"

"ಹೂನ್ರಿ."

"ಹೆಣ್ಮಗಳು ನೀನು!" ಅಂದರು. ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ ನಗು ಇರಲಿಲ್ಲ. "ವರ್ಷದ ಮ್ಯಾಲ ಮೈಗಳ್ಳ ಅನ್ನಿಸ್ಕೊಂಡೆ. ಮ್ಯಾನೇಜರ್ ಹೋಗ್ಲಿ, ಮನ್ಯಾಗ ಈಕಿನೂ ಅಂದ್ಲು."

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಯಲ್ಲಮ್ಮನವರು ಕೈಯಲ್ಲಿದ್ದ ತಂಬಿಗೆಯನ್ನು ನನಗೆ ಕೊಡಲಿಲ್ಲ, ಕೆಳಗೂ ಇಡಲಿಲ್ಲ.

"ಕಾಗದ ತೋರ್ಸಿ ಬೈದಿದ್ದೆ ಇವಗ" ಅಂದರು. "ಕುಂತು ತಿಂತೀ ಅಂದಿದ್ದೆ. ಆ ಮಾತು ಹೊಳ್ಳಿ ತಗೊಳಾಕ ಬರ್ತೈತೇನ ನಿನಗ? ಹೇಳು. ಓದಿದಾಕಿ ಅದೀ."

ನಾನು ಕ್ಷಮೆ ಕೇಳಿದೆ. ಅವರು ಕೊಡಲಿಲ್ಲ. ಕೊಡಬೇಕಾಗಿಯೂ ಇಲ್ಲ. ಹೇಳಿದರೆ ಹಗುರಾಗುತ್ತದೆ ಎಂದು ಬರೆಯುವವರ ಮೇಲೆ ನನಗೆ ಸಿಟ್ಟಿದೆ. ನನಗೆ ಆ ದಿನ ಹಗುರಾಗಲಿಲ್ಲ. ಉಸಿರು ಮಾತ್ರ ಸಲೀಸಾಗಿ ಆಡುತ್ತಿತ್ತು. ಅದನ್ನು ಗಮನಿಸಿ ನಾಚಿಕೆಯಾಯಿತು.

ಯಜಮಾನರಿಗೆ ಬರೆದು ಕೊಟ್ಟೆ: ಯಾವ ವರ್ಷ, ಯಾವ ಕ್ಯಾಂಪು, ಏನು ಮಾಡಿದೆವು. ಅವರು ಓದಿ ಬಾಗಿಲು ಹಾಕಿ ಬಂದರು.

"ಮಾನಸಿಕ ಆಸ್ಪತ್ರಿಗೆ ಹೋಗಾಕಿ ಮಾತು ಯಾರು ನಂಬ್ತಾರವ್ವ?"

ಅಷ್ಟು ಪ್ರೀತಿಯ ದನಿಯಲ್ಲೇ ಹೇಳಿದರು. ರಜೆ ಕೇಳುವಾಗ ನಾನೇ ಹೇಳಿದ್ದ ನನ್ನ ಕಾಯಿಲೆಯನ್ನು ಅವರು ತಮ್ಮ ಸಾಕ್ಷಿಯಾಗಿ ತೆಗೆದಿಟ್ಟುಕೊಂಡಿದ್ದರು. ಇದನ್ನು ಓದುವವರಲ್ಲಿ ಆ ವಿಭಾಗದ ಬೆಂಚಿಗೆ ಹೋಗಲು ಹೆದರುವವರಿದ್ದರೆ, ಇಂಥ ಮಾತನ್ನೂ ಕೇಳಬೇಕಾಗಬಹುದು, ಮುಚ್ಚಿಡುವುದಿಲ್ಲ. ಆದರೂ ಹೋಗಿ. ಮೊದಲು ಎದೆಯನ್ನೂ ರಕ್ತವನ್ನೂ ತಪ್ಪದೆ ಪರೀಕ್ಷೆ ಮಾಡಿಸಿ. ಎಲ್ಲ ಸರಿಯಿದೆ ಅಂದಮೇಲೂ ಮೈ ತಡೆಯುತ್ತಿದ್ದರೆ, ಅದು ಯಾರ ಎದುರು, ಯಾವ ಮಾತಿಗೆ ತಡೆಯುತ್ತದೆ ನೋಡಿಕೊಳ್ಳಿ. ನಾಟಕ ಅಂದವರನ್ನು ನಂಬಬೇಡಿ. ಎಲ್ಲರದೂ ನನ್ನಂತೆ ತಪ್ಪಿನಿಂದಲೇ ಬಂದಿರಬೇಕೆಂದಿಲ್ಲ.

ಆ ಕೆಲಸ ಹೋಯಿತು. ಬರೆದ ಕಾಗದದ ಇನ್ನೊಂದು ಪ್ರತಿಯನ್ನು ಗಣಿ ಸುರಕ್ಷತೆಯ ಇಲಾಖೆಗೆ ಕಳಿಸಿದ್ದೇನೆ. ಇದುವರೆಗೆ ಉತ್ತರವಿಲ್ಲ. ಮಾತ್ರೆ ನಿಂತಿದೆ. ಉಸಿರು ಈಗಲೂ ತಿಂಗಳಿಗೆ ಒಂದೆರಡು ಸಲ ಸಿಕ್ಕಿಕೊಳ್ಳುತ್ತದೆ. ಕೂತು, ಅದು ಬಿಡುವ ತನಕ ಕಾಯುತ್ತೇನೆ.

ದುರುಗಪ್ಪನವರಿಗೆ ಮತ್ತೆ ಪರೀಕ್ಷೆ ಮಾಡಿಸಿದ ದಿನದ್ದನ್ನು ಹೇಳಬೇಕು. ನನ್ನ ಜೊತೆ ಬರಲು ಅವರು ಎರಡು ವಾರ ಒಪ್ಪಿರಲಿಲ್ಲ. ಯಲ್ಲಮ್ಮನವರೇ ಎಬ್ಬಿಸಿಕೊಂಡು ಬಂದರು. ಸರ್ಕಾರಿ ಆಸ್ಪತ್ರೆಯ ಟೆಕ್ನೀಷಿಯನ್ ಕೂಗಲಿಲ್ಲ. ಅವರು ಕೆಮ್ಮಿದಾಗ ಮಷಿನ್ ನಿಲ್ಲಿಸಿ, ನೀರು ಕೊಟ್ಟು, "ಅವಸರ ಇಲ್ರಿ ಯಜಮಾನ್ರ" ಅಂದ. ಏಳನೆಯ ಸಲಕ್ಕೆ ಮೂರು ಊದುಗಳು ಹೊಂದಿದವು. ಗೋಡೆಯ ಗಡಿಯಾರ ನೋಡಿದೆ. ಅರ್ಧ ತಾಸು. ಒಬ್ಬ ಮನುಷ್ಯನಿಗೆ ಕೊಡಲು ನಮ್ಮ ಬಳಿ ಇಲ್ಲವೆಂದ ಹೊತ್ತು ಅಷ್ಟೇ.

ಗೆರೆ ಸ್ವಲ್ಪ ಎದ್ದು ಕುಸಿದಿತ್ತು. ಎದೆಯ ಹೊಸ ಫೋಟೊ ಜೊತೆಗಿಟ್ಟು ನೋಡಿದ ವೈದ್ಯರು, ಇನ್ನೂ ಪರೀಕ್ಷೆಗಳಾಗಬೇಕು, ಕ್ರಷರಿನ ಹತ್ತಿರ ಇನ್ನು ಹೋಗುವ ಹಾಗಿಲ್ಲ ಎಂದು ಬರೆದು ಸಹಿ ಮಾಡಿದರು. ಹೊರಗಿನ ಬೆಂಚಿನಲ್ಲಿ ದುರುಗಪ್ಪನವರು ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು.

"ಇದು ನಂದ ಹೌದಲ್ಲ?"

"ನಿಮ್ದರಿ."

"ಮತ್ತ ಮಲ್ಲಪ್ಪಂದು? ನನ್ನ ಹಿಂದ ನಿಂತಿದ್ನಲ್ಲ, ಆ ಖಾಸೀಂಸಾಬಂದು?"

"ಅವರದೂ ನಾನ ಊದಿದ್ದೆ."

ಯಲ್ಲಮ್ಮನವರು ನನ್ನ ಕಡೆ ತಿರುಗಿದರು. "ಹಂಗಾರ ಇಲ್ಲಿ ಯಾಕ ಕುಂತಿ? ಏಳು."

ಎದ್ದೆ. ಸಂಡೂರಿನ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಹತ್ತಿ ಯಶವಂತನಗರದಲ್ಲಿ ಇಳಿದಾಗ ಎರಡು ಗಂಟೆಯ ಶಿಫ್ಟು ಬಿಟ್ಟಿತ್ತು. ಕಂಪನಿ ಬಸ್ಸು ಬಂದು ನಿಂತಿತು. ಕೆಂಪು ಧೂಳು ಮೆತ್ತಿದ ಮುಖಗಳಲ್ಲಿ ಯಾರು ಯಾರೆಂದು ತಿಳಿಯುತ್ತಿರಲಿಲ್ಲ. ಬಸ್ಸಿನ ಬಾಗಿಲಿಗೆ ಹೋಗಿ ನಿಂತು, ಮೊದಲು ಕೆಮ್ಮುತ್ತ ಇಳಿದವರನ್ನು ತಡೆದು, ಅವರ ಹೆಸರು ಕೇಳಿದೆ.